ಗಾರೋಲ ಕುರಿಯೂ ಅಂಡಾಣುವಿನ ಆಜ್ಞೆಯೂ

1792ರಲ್ಲಿಯೂ ಅದರ ಮರುವರ್ಷವೂ ಕಲ್ಕತ್ತೆಯಿಂದ ಆಸ್ಟ್ರೇಲಿಯದ ಸಿಡ್ನಿಗೆ ಹೋದ ಹಡಗುಗಳಲ್ಲಿ ಬಂಗಾಳದ ಕುರಿಗಳೂ ಇದ್ದುವು. ಆಂಗ್ಲರ ವಸಾಹತು ಅಲ್ಲಿ ಬೇರೂರಿ ಆಗಿನ್ನೂ ನಾಲ್ಕೈದು ವರ್ಷ. ಜನಕ್ಕೆ ಹೊಟ್ಟೆಗೆ ಸಾಲದ ಕಾಲ. ಬಂದ ಕುರಿಗಳನ್ನು ಕಂಡು ಯಾರೂ ಹಿಗ್ಗಿರಲಾರರು. ಸುಂದರಬನದ ಜೌಗು ನೆಲದಲ್ಲಿ, ಉಪ್ಪುನೀರಿನ ಅಂಚಿನಲ್ಲಿ ಮೇಯುವ ಈ ಗಾರೋಲ ಜಾತಿಯ ಕುರಿ ಹತ್ತು ಹನ್ನೆರಡು ಕಿಲೋ ತೂಗಿದರೆ ಹೆಚ್ಚು. ಮೈಮೇಲಿನ ಉಣ್ಣೆ ಒರಟು. ಮೆರಿನೊ ಕುರಿಯ ರೇಶಿಮೆಯಂಥ ಉಣ್ಣೆ ಆಸ್ಟ್ರೇಲಿಯದಲ್ಲಿ ಭಾಗ್ಯದೇವತೆಯಾಗಿ ನೆಲೆಸಿದ ಮೇಲೆ ಬಂಗಾಳದ ಕುರಿಯನ್ನು ಕೇಳುವವರೇ ಇಲ್ಲವಾದರು. ಮಂದೆಗಳಲ್ಲಿ ಬೆರೆತು, ಕರಗಿ, ಅದು ಹೆಸರಿಲ್ಲದೆ ಹೋಯಿತು.

ಕರಗಿತೆಂದು ಜನ ತಿಳಿದರು, ಅಷ್ಟೆ. ನ್ಯೂ ಸೌತ್ ವೇಲ್ಸಿನ ಕೂಮ ಎಂಬ ಊರಿನ ಬಳಿ ಬೂರೂಲ ಎಂಬುದೊಂದು ಕುರಿಗಾವಲು. ಅದರ ಒಡೆಯರಾದ ಸೀಯರ್ಸ್ ಸೋದರರ ಮೆರಿನೊ ಮಂದೆಯಲ್ಲಿ ಒಂದು ವಿಚಿತ್ರ ಕಂಡುಬರುತ್ತಿತ್ತು. ಉಳಿದವರ ಕುರಿಗಳು ಒಂದೊಂದೇ ಮರಿ ಹಾಕುತ್ತಿದ್ದರೆ ಇವರ ಮಂದೆಯ ಕೆಲವು ಕುರಿಗಳು ಮೂರು, ನಾಲ್ಕು, ಒಮ್ಮೊಮ್ಮೆ ಐದು ಮರಿಗಳನ್ನು ಈಯುತ್ತಿದ್ದುವು. ಸೋದರರು ಅಂಥವನ್ನೇ ಆರಿಸಿ ಬೆಳೆಸಿದರು. 1958ರಲ್ಲಿ, ಒಂದೇ ಬಸಿರಿನಲ್ಲಿ ಹುಟ್ಟಿದ ಐದು ಮರಿಗಳಲ್ಲಿ ಒಂದಾದ ಟಗರನ್ನು ಆ ದೇಶದ ಸರಕಾರಿ ವಿಜ್ಞಾನ ಸಂಸ್ಥೆಗೆ ಕೊಟ್ಟರು. ಅಲ್ಲಿ ಅದರ ವಂಶವನ್ನು ಅಭ್ಯಾಸ ಮಾಡಿದವರಲ್ಲಿ ಪ್ರಮುಖರು ಹೆಲೆನ್ ನ್ಯೂಟನ್ ಟರ್ನರ್ ಎಂಬ ಮಹಿಳೆ. ಆಕೆ ಓದಿದ್ದು ಕಟ್ಟಡಗಳ ವಾಸ್ತುವಿದ್ಯೆ. ಸಂಸ್ಥೆಗೆ ಬಂದದ್ದು ಅಧಿಕಾರಿಯೊಬ್ಬರ ಕಾರ್ಯದರ್ಶಿಯಾಗಿ. ಹೆಸರಾದದ್ದು ಕುರಿಗಳ ವಂಶಶಾಸ್ತ್ರದಲ್ಲಿ. ಬೂರೂಲ ಮಂದೆಯ ಮೂಲವನ್ನು ಹಳೆಯ ದಾಖಲೆಗಳಲ್ಲಿ ಹುಡುಕುತ್ತ ಹೋದ ಆಕೆ ಕೊನೆಗೆ ಮುಟ್ಟಿದ್ದು ಕಲ್ಕತ್ತೆಯಿಂದ ಬಂದ ಆ ಹಡಗುಗಳನ್ನು. 1982ರಲ್ಲಿ ತನ್ನ ಊಹೆಯನ್ನು ಪ್ರಕಟಿಸಿದಳು. ಗಾರೋಲ ಕುರಿ ತನ್ನ ಊರಿನಲ್ಲಿ ಅವಳಿ ತ್ರಿವಳಿಗಳನ್ನು ಹಾಕುವುದು ಸಾಮಾನ್ಯ. ಆ ಗುಣವೇ ನೂರೈವತ್ತು ವರ್ಷ ಗುಪ್ತಗಾಮಿನಿಯಾಗಿ ಹರಿದು ಬೂರೂಲದಲ್ಲಿ ಚಿಮ್ಮಿರಬೇಕೆಂದು ಅವಳ ವಾದ.

ಅದು ನಿಜವೆಂದು ಸ್ಥಿರಪಡಿಸಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. ಏಕೆಂದರೆ, ಒಂದು ಕುರಿ ಎಷ್ಟು ಮರಿ ಹಾಕಬೇಕೆಂಬುದನ್ನು ನಿಶ್ಚಯಿಸುವವರು ಯಾರು ಎಂಬ ಪ್ರಶ್ನೆಗೇ ಆಗ ಸರಿಯಾದ ಉತ್ತರವಿರಲಿಲ್ಲ. ಗರ್ಭಾಶಯಕ್ಕಿಂತ ಮೊದಲು ಈ ಲೆಕ್ಕ ತೀರ್ಮಾನವಾಗುವುದು ಅಂಡಾಶಯದಲ್ಲಿ. ಒಂದು ಋತುವಿನಲ್ಲಿ ಎಷ್ಟು ಅಂಡಾಣುಗಳು ಬಲಿತು ಹೊರಬೀಳುತ್ತವೆಯೋ ಅದಕ್ಕಿಂತ ಹೆಚ್ಚು ಮರಿಗಳು ಸಾಮಾನ್ಯವಾಗಿ ಹುಟ್ಟುವಂತಿಲ್ಲ.

ಅಂಡಾಶಯದೊಳಗೆ ಅಂಡಾಣು ಒಂಟಿಯಾಗಿ ಇರುವುದಿಲ್ಲ. ಅದರ ಸುತ್ತ ಸಣ್ಣ ಸಣ್ಣ ಜೀವಕೋಶಗಳ ಒಂದು ಪರಿವಾರವಿರುತ್ತದೆ. ಅಂಡಾಣುವೂ ಪರಿವಾರವೂ ಸೇರಿ ಒಂದು ಪುಟ್ಟ ಚೀಲದಂತಿರುವುದರಿಂದ ಅದನ್ನು ಪುಟಕವೆಂದು ಕರೆಯಬಹುದು. ವೈದ್ಯರು ಫಾಲಿಕಲ್ ಎನ್ನುವುದು ಇದನ್ನೇ. ಮೊದಲ ಹಂತದಲ್ಲಿ ಪುಟಕವೆಂದರೆ ನಿದ್ರಿಸುತ್ತಿರುವ ಅಂಡಾಣು ಮತ್ತು ಅದಕ್ಕೆ ಹೊದ್ದಿಸಿದಂತಿರುವ ಚಪ್ಪಟೆ ಕೋಶಗಳ ಒಂದೇ ಪದರ. ಎಚ್ಚರವಾದಾಗ ಆ ಕೋಶಗಳು ದುಂಡಗಾಗಿ ಎದ್ದು ನಿಲ್ಲುತ್ತವೆ; ಆಮೇಲೆ ಪದರದ ಮೇಲೆ ಪದರ ಬೆಳೆಯುತ್ತದೆ; ಕೊನೆಗೆ ನಡುವೆ ನೀರು ತುಂಬಿ ಪುಟಕ ಗುಳ್ಳೆಯಂತೆ ಉಬ್ಬಿ, ಒಡೆದು, ಅಂಡಾಣುವನ್ನು ಹೊರಕ್ಕೆ ಬಿಡುತ್ತದೆ. ಹಾಲೆಂಡಿನ ರೆನ್ಯೆ ದ ಗ್ರಾಫ್ 1672ರಲ್ಲಿ ಈ ಗುಳ್ಳೆಗಳನ್ನು ವರ್ಣಿಸಿ ಇವೇ ಅಂಡಗಳೆಂದು ತಿಳಿದನು. ಗುಳ್ಳೆಯೊಳಗೆ ಅಡಗಿರುವ, ಚುಕ್ಕೆಯಷ್ಟೇ ಇರುವ ನಿಜವಾದ ಅಂಡಾಣುವನ್ನು ನಾಯಿಯೊಂದರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಕಂಡದ್ದು 1827ರಲ್ಲಿ. ಮನೆಯನ್ನು ಕಂಡವರಿಗೆ ಯಜಮಾನನನ್ನು ಕಾಣಲು ನೂರೈವತ್ತೈದು ವರ್ಷ!

ಕಂಡ ಮೇಲೂ ಯಜಮಾನಿಕೆಯನ್ನು ಒಪ್ಪಿಕೊಂಡರೇ ಎಂದರೆ, ಇಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ವಿಜ್ಞಾನಿಗಳು ನಂಬಿದ್ದ ಕಥೆ ಹೀಗೆ: ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದ ಮೂಲಕ ಹಾರ್ಮೋನುಗಳನ್ನು ಕಳುಹಿಸುತ್ತದೆ, ಅದರ ಅಪ್ಪಣೆಯಂತೆ ಪರಿವಾರದ ಕೋಶಗಳು ಬೆಳೆಯುತ್ತವೆ, ಅವು ಅಂಡಾಣುವಿಗೆ ಉಣಿಸಿ ಸಾಕುತ್ತವೆ. ಅಂಡಾಣುವಿನ ಪಾಡು ತೊಟ್ಟಿಲಲ್ಲಿ ಮಲಗಿದ ಕೂಸಿನದು. ಕೊಟ್ಟದ್ದನ್ನು ಕುಡಿಯುವುದು, ಹೊತ್ತು ಬಂದಾಗ ಹೊರಡುವುದು. ಈ ಕಥೆ ಸುಳ್ಳಲ್ಲ. ಅರ್ಧ ಕಥೆ.

ಉಳಿದರ್ಧದ ಸುಳಿವು ಮೊದಲು ಸಿಕ್ಕಿದ್ದು ಮೊಲಗಳಲ್ಲಿ. ಅಮೆರಿಕದಲ್ಲಿ ನಾಲ್ಬಂಡೋವ್ ಮತ್ತು ಅವರ ಸಂಗಡಿಗರು 1970ರಲ್ಲಿ ಮೊಲದ ಬಲಿತ ಪುಟಕಗಳಿಂದ ಅಂಡಾಣುವನ್ನು ಮಾತ್ರ ಹೊರಕ್ಕೆ ತೆಗೆದು ನೋಡಿದರು. ಹಾಲುಣಿಸುವ ದಾದಿಯರಿಗೆ ಕೂಸು ಹೋದರೆ ನಷ್ಟವೇನು? ಅವರು ಇದ್ದಂತೆಯೇ ಇರಬೇಕಾಗಿತ್ತು. ಆದರೆ ಪರಿವಾರದ ಕೋಶಗಳು ಒಡನೆಯೇ ತಮ್ಮ ಸ್ವಭಾವ ಬಿಟ್ಟು, ಅಂಡಾಣು ಹೊರಟುಹೋದ ಮೇಲೆ ತಾಳಬೇಕಾದ ರೂಪವನ್ನು ಹೊತ್ತಿಗೆ ಮೊದಲೇ ತಾಳಿದುವು. ಇಲ್ಲಿಯವರೆಗೆ ಅವನ್ನು ಹಿಡಿದು ನಿಲ್ಲಿಸಿದ್ದದ್ದು ಅಂಡಾಣುವೇ ಇರಬೇಕು. ಆದರೆ ಯಾವ ಮಾತಿನಿಂದ ಹಿಡಿದು ನಿಲ್ಲಿಸಿತ್ತು? ಆ ಮಾತನ್ನು ಕೇಳಿಸಿಕೊಳ್ಳುವ ಉಪಕರಣ ಆಗ ಇರಲಿಲ್ಲ.

ಆ ಉಪಕರಣವೇ ವಂಶವಾಹಿಗಳ ಅಭಿವ್ಯಕ್ತಿಯ ಪರೀಕ್ಷೆ. ದೇಹದ ಬಹುಪಾಲು ಜೀವಕೋಶಗಳಲ್ಲಿ ಇರುವ ವಂಶವಾಹಿಗಳು ಅವೇ. ಕಣ್ಣಿನ ಕೋಶಕ್ಕೆ ಬೇರೆ ಗ್ರಂಥ, ಕರುಳಿನ ಕೋಶಕ್ಕೆ ಬೇರೆ ಗ್ರಂಥ ಎಂಬುದಿಲ್ಲ. ಹಳ್ಳಿಯಲ್ಲಿ ಮಹಾಭಾರತದ ಹೊತ್ತಗೆ ಒಂದೇ ಇದ್ದರೂ ಮಳೆ ಬಾರದ ವರ್ಷ ಹಿರಿಯರು ಬಿಚ್ಚಿ ಓದಿಸುವುದು ವಿರಾಟಪರ್ವವನ್ನು. ಹಾಗೆಯೇ ಒಂದೊಂದು ಕೋಶವೂ ತನಗೆ ಆ ಹೊತ್ತಿಗೆ ಬೇಕಾದ ಪರ್ವವನ್ನು ಮಾತ್ರ ಬಿಚ್ಚಿ ಓದುತ್ತದೆ. ಓದಿದ ಭಾಗದ ಒಂದು ನಕಲು ಆರ್.ಎನ್.ಎ. ಎಂಬ ರೂಪದಲ್ಲಿ ತಯಾರಾಗಿ, ಅದರಂತೆ ಸಸಾರಜನಕ ವಸ್ತು ಹುಟ್ಟುತ್ತದೆ. ಆದುದರಿಂದ ಕೋಶದಲ್ಲಿ ಯಾವ ನಕಲು ಇದೆಯೆಂದು ಕಂಡರೆ ಅದು ಏನನ್ನು ಓದುತ್ತಿದೆಯೆಂದು ತಿಳಿಯುತ್ತದೆ. ಅಂಡಾಶಯವನ್ನು ತೆಳ್ಳನೆಯ ಹಲ್ಲೆಗಳಾಗಿ ಸೀಳಿ, ನಿರ್ದಿಷ್ಟ ನಕಲಿಗೆ ಮಾತ್ರ ಅಂಟಿಕೊಳ್ಳುವ, ಗುರುತು ಹಾಕಿದ ತುಣುಕೊಂದನ್ನು ಅದರ ಮೇಲೆ ಹರಿಯಬಿಟ್ಟರೆ, ಓದು ನಡೆಯುತ್ತಿರುವ ಕೋಶ ಚುಕ್ಕಿ ಚುಕ್ಕಿಯಾಗಿ ಬೆಳಗುತ್ತದೆ. ಹೀಗೆ ನೋಡಿದಾಗ ಇಲಿಯ ಅಂಡಾಶಯದಲ್ಲಿ ಜಿ.ಡಿ.ಎಫ್. 9 ಎಂಬ ವಂಶವಾಹಿಯ ನಕಲು ಅಂಡಾಣುವಿನಲ್ಲಿ ಮಾತ್ರ ಬೆಳಗಿತು. ಸುತ್ತಲಿನ ಪರಿವಾರವೆಲ್ಲ ಕತ್ತಲು! 1995ರಲ್ಲಿ ಈ ವಿಷಯ ಪ್ರಕಟವಾಯಿತು. ಆ ವಂಶವಾಹಿ ಹುಟ್ಟಿಸುವ ವಸ್ತುವಾದರೋ ಕೋಶದಿಂದ ಹೊರಬಿದ್ದು ನೆರೆಯ ಕೋಶಕ್ಕೆ ಸಂದೇಶ ಮುಟ್ಟಿಸುವ ಜಾತಿಯದು. ಕೂಸೆಂದು ತಿಳಿದಿದ್ದ ಅಂಡಾಣು ಮಾತಾಡುತ್ತಿತ್ತು.

ಮಾತಿನಿಂದ ಕೆಲಸವೇನಾದರೂ ಆಗುವುದೇ? ಹೂಸ್ಟನ್ನಿನ ಬೇಯ್ಲರ್ ವೈದ್ಯಕೀಯ ಕಾಲೇಜಿನಲ್ಲಿ ಮಾರ್ಟಿನ್ ಮಾಟ್ಜುಕ್ ಮತ್ತು ಅವರ ಸಂಗಡಿಗರು ಆ ವಂಶವಾಹಿಯನ್ನೇ ಕೆಡಿಸಿದ ಇಲಿಗಳನ್ನು ಬೆಳೆಸಿದರು. 1996ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಹೆಣ್ಣಿಲಿಗಳು ಆರೋಗ್ಯವಾಗಿದ್ದರೂ ಬಂಜೆಯಾದುವು. ಅವುಗಳ ಪುಟಕಗಳು ಒಂದು ಪದರದ ಹಂತಕ್ಕೆ ಬಂದು ಅಲ್ಲಿಯೇ ನಿಂತಿದ್ದುವು. ಎರಡನೆಯ ಪದರ ಕಟ್ಟಲೇ ಇಲ್ಲ. ಪಿಟ್ಯುಟರಿಗೆ ಏನೂ ಆಗಿರಲಿಲ್ಲ. ಮೇಲಿನ ದರ್ಬಾರಿನಿಂದ ಅಪ್ಪಣೆ ಬರುತ್ತಲೇ ಇತ್ತು. ಮನೆಯ ಯಜಮಾನನ ಬಾಯಿ ಕಟ್ಟಿದ್ದರಿಂದ ಆಳುಗಳು ಗೋಡೆಯೆಬ್ಬಿಸಲಿಲ್ಲ.

ಇದಕ್ಕಿಂತ ಚೆಲುವಾದ ಪ್ರಯೋಗವೊಂದು 2002ರಲ್ಲಿ ಅಮೆರಿಕದ ಮೇಯ್ನ್ ಸಂಸ್ಥಾನದ ಜ್ಯಾಕ್ಸನ್ ಪ್ರಯೋಗಶಾಲೆಯಿಂದ ಬಂದಿತು. ಜಾನ್ ಎಪ್ಪಿಗ್ ಮತ್ತು ಸಂಗಡಿಗರು ಸ್ವಲ್ಪ ಬೆಳೆದ ಇಲಿಮರಿಗಳ, ಅರ್ಧ ಬಲಿತ ಅಂಡಾಣುಗಳನ್ನು ತೆಗೆದು, ಆಗತಾನೆ ಹುಟ್ಟಿದ ಮರಿಗಳ ಎಳೆಯ ಪರಿವಾರದ ಕೋಶಗಳೊಡನೆ ಕೂಡಿಸಿದರು. ಗಡಿಯಾರ ಪರಿವಾರದ ಕೈಯಲ್ಲಿದ್ದರೆ ಪುಟಕ ತನ್ನ ಸಹಜವಾದ ನಿಧಾನಗತಿಯಲ್ಲಿ ಬೆಳೆಯಬೇಕು. ಅಂಡಾಣುವಿನ ಕೈಯಲ್ಲಿದ್ದರೆ ಅವಸರವಾಗಬೇಕು. ಪುಟಕಗಳು ಎರಡರಷ್ಟು ವೇಗವಾಗಿ ಬೆಳೆದುವು.

ಹೀಗೆಂದು ಅಂಡಾಣುವನ್ನು ಸರ್ವಾಧಿಕಾರಿಯಾಗಿ ಮಾಡುವುದೂ ತಪ್ಪು. ಪರಿವಾರದ ಕೋಶಗಳು ತಮ್ಮ ಕಡೆಯಿಂದ ಅಂಡಾಣುವಿಗೆ ಎಚ್ಚರಿಕೆ, ಆಹಾರ, ತಡೆ ಎಲ್ಲವನ್ನೂ ಕೊಡುತ್ತವೆ. ಅದು ಬಲಿತು ಹೊರಡಬೇಕೆಂಬ ಕೊನೆಯ ಕರೆ ಪಿಟ್ಯುಟರಿಯಿಂದಲೇ ಬರಬೇಕು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಕೊಡುವ ಸಂಸಾರ ಇದು. ವಿಜ್ಞಾನಿಗಳು ಬಹುಕಾಲ ಒಬ್ಬರ ಮಾತನ್ನು ಮಾತ್ರ ಬರೆದುಕೊಂಡರು, ಅಷ್ಟೆ.

ಈಗ ಕುರಿಗಳ ಕಡೆಗೆ ಮರಳಬಹುದು. ನ್ಯೂಜಿಲೆಂಡಿನಲ್ಲಿ ಇನ್ವರ್ಡೇಲ್ ಎಂಬ ಹೆಸರಿನ ರಾಮ್ನಿ ಕುರಿಗಳ ಒಂದು ವಂಶವಿದೆ. ಅದರ ವೈಚಿತ್ರ್ಯವನ್ನು ಜಾರ್ಜ್ ಡೇವಿಸ್ ಮತ್ತು ಸಂಗಡಿಗರು 1991ರಲ್ಲಿ ಬಯಲಿಗೆ ತಂದರು. ತಂದೆಯಿಂದಲೋ ತಾಯಿಯಿಂದಲೋ ಆ ಗುಣ ಒಂದು ಪಾಲು ಮಾತ್ರ ಬಂದಿದ್ದರೆ ಹೆಣ್ಣುಕುರಿ ಋತುವಿಗೆ ಸುಮಾರು ಒಂದು ಅಂಡಾಣುವನ್ನು ಹೆಚ್ಚಾಗಿ ಬಿಡುತ್ತದೆ. ಅವಳಿ ಮರಿ ಹಾಕುತ್ತದೆ. ಇಬ್ಬರಿಂದಲೂ ಬಂದರೆ ಅದು ಗೊಡ್ಡು. ಅದರ ಅಂಡಾಶಯ ಸೆಣಬಿನ ಎಳೆಯಂತೆ ಸೊರಗಿರುತ್ತದೆ. ಒಂದು ಪಾಲು ವರವಾದದ್ದು ಎರಡು ಪಾಲು ಶಾಪವಾಗುವುದು ಹೇಗೆ? 2000ದಲ್ಲಿ ಉತ್ತರ ದೊರೆಯಿತು. ಕೆಟ್ಟಿದ್ದದ್ದು ಬಿ.ಎಂ.ಪಿ. 15 ಎಂಬ ವಂಶವಾಹಿ. ಅದು ಜಿ.ಡಿ.ಎಫ್. 9ರ ಹತ್ತಿರದ ನೆಂಟ. ಅಂಡಾಣುವೇ ಆಡುವ ಇನ್ನೊಂದು ಮಾತು. ಪೂರ್ತಿ ಮೌನವಾದರೆ ಪುಟಕ, ಹೂಸ್ಟನ್ನಿನ ಇಲಿಗಳಲ್ಲಾದಂತೆ, ಮೊದಲ ಪದರದಲ್ಲಿಯೇ ನಿಲ್ಲುತ್ತದೆ. ದನಿ ಅರ್ಧ ತಗ್ಗಿದರೆ ಮಾತ್ರ ಹೆಚ್ಚು ಪುಟಕಗಳು ಬಲಿಯುತ್ತವೆ. ಇಲ್ಲೊಂದು ಎಚ್ಚರಿಕೆಯ ಮಾತು: ಇದೇ ವಂಶವಾಹಿಯನ್ನು ಇಲಿಗಳಲ್ಲಿ ಪೂರ್ತಿಯಾಗಿ ತೆಗೆದುಹಾಕಿದರೂ ಅವು ಸ್ವಲ್ಪ ಕಡಮೆ ಮರಿ ಹಾಕಿದುವೇ ಹೊರತು ಬಂಜೆಯಾಗಲಿಲ್ಲ. ಇಲಿಯಲ್ಲಿ ಕಂಡದ್ದನ್ನು ಕುರಿಗೂ ಕುರಿಯಲ್ಲಿ ಕಂಡದ್ದನ್ನು ಮನುಷ್ಯರಿಗೂ ಹಾಗೆಯೇ ಅಂಟಿಸುವ ಆತುರಗಾರರು ಇದನ್ನು ನೆನಪಿನಲ್ಲಿಡಬೇಕು.

ಮರುವರ್ಷವೇ, 2001ರಲ್ಲಿ, ಬೂರೂಲದ ಗುಟ್ಟು ಒಡೆಯಿತು. ನ್ಯೂಜಿಲೆಂಡ್, ಫ್ರಾನ್ಸ್, ಸ್ಕಾಟ್ಲೆಂಡ್ ಮೂರು ಕಡೆ ಮೂರು ತಂಡಗಳು ಹೆಚ್ಚುಕಡಮೆ ಒಂದೇ ಕಾಲಕ್ಕೆ ಒಂದೇ ಜಾಗವನ್ನು ಮುಟ್ಟಿದುವು. ಇನ್ವರ್ಡೇಲಿನಲ್ಲಿ ಕೆಟ್ಟದ್ದು ಅಂಡಾಣುವಿನ ಬಾಯಾದರೆ ಬೂರೂಲದಲ್ಲಿ ಬದಲಾದದ್ದು ಪರಿವಾರದ ಕಿವಿ. ಬಿ.ಎಂ.ಪಿ. 15ರಂಥ ಸಂದೇಶಗಳನ್ನು ಹಿಡಿಯುವ ಒಂದು ಗ್ರಾಹಕ ವಸ್ತು ಪರಿವಾರದ ಕೋಶಗಳ ಮೇಲಿದೆ. ಅದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿತ್ತು. ಅದರಿಂದ 249ನೆಯ ಸ್ಥಾನದಲ್ಲಿ ಗ್ಲುಟಮಿನ್ ಇರಬೇಕಾದಲ್ಲಿ ಆರ್ಜಿನಿನ್ ಕೂತಿತ್ತು. ಇಷ್ಟಕ್ಕೆ, ಒಂದು ಪಾಲು ಇದ್ದರೆ ಸುಮಾರು ಒಂದೂವರೆ, ಎರಡು ಪಾಲು ಇದ್ದರೆ ಸುಮಾರು ಮೂರು ಅಂಡಾಣುಗಳು ಋತುವಿಗೆ ಹೆಚ್ಚಾಗಿ ಹೊರಬೀಳುತ್ತವೆ. ಇಲ್ಲಿ ಎರಡು ಪಾಲು ಬಂದರೂ ಗೊಡ್ಡುತನವಿಲ್ಲ.

ಒಂದು ಅಕ್ಷರ ಇಷ್ಟು ಮಾಡುವುದು ಹೇಗೆಂಬುದನ್ನು ಕೆರೆಯ ಕೆಳಗೆ ಬೇಸಾಯ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಪ್ರತಿ ಋತುವಿನಲ್ಲಿಯೂ ಪಿಟ್ಯುಟರಿ ಒಂದು ಹಾರ್ಮೋನಿನ ತೂಬನ್ನು ಎತ್ತುತ್ತದೆ. ಹಲವು ಪುಟಕಗಳು ಅದನ್ನು ಕುಡಿದು ಬೆಳೆಯತೊಡಗುತ್ತವೆ. ಅವುಗಳಲ್ಲಿ ಮುಂದಾದ ಪುಟಕ ತಾನು ಸುರಿಸುವ ವಸ್ತುಗಳಿಂದ ತೂಬನ್ನು ತಗ್ಗಿಸುವಂತೆ ಮಾಡುತ್ತದೆ. ಅಷ್ಟು ಹೊತ್ತಿಗೆ ಅದಕ್ಕೆ ಕಡಮೆ ನೀರಿನಲ್ಲಿ ಬದುಕುವ ಶಕ್ತಿ ಬಂದಿರುತ್ತದೆ, ಹಿಂದುಳಿದವು ಬಾಡುತ್ತವೆ. ಒಂದೇ ಅಂಡಾಣು ಹೊರಬೀಳುವುದು ಈ ಜಗಳದಿಂದ. ಬೂರೂಲ ಕುರಿಯ ಪುಟಕಗಳು ಬೇಗ ಬಲಿಯುವ ಬತ್ತದ ತಳಿಯಂತೆ: ಗಾತ್ರ ಚಿಕ್ಕದಿರುವಾಗಲೇ ಬಲಿತು, ತೂಬು ಇಳಿಯುವ ಹೊತ್ತಿಗೆ ನಾಲ್ಕೈದು ಗದ್ದೆಗಳು ಒಟ್ಟಿಗೆ ಕೊಯ್ಲಿಗೆ ಬಂದಿರುತ್ತವೆ. ಚಿಕ್ಕ ಪುಟಕ ಸುರಿಸುವ ಹಾರ್ಮೋನೂ ಕಡಮೆಯಾದ್ದರಿಂದ ತೂಬನ್ನು ಇಳಿಸುವುದಕ್ಕೂ ಹಲವು ಪುಟಕಗಳು ಸೇರಬೇಕು.

ಅಕ್ಷರ ತಿಳಿದ ಮೇಲೆ ಅದನ್ನು ಯಾವ ಕುರಿಯ ರಕ್ತದಲ್ಲಿ ಬೇಕಾದರೂ ಹುಡುಕಬಹುದಲ್ಲವೆ? ಹೆಚ್ಚು ಮರಿ ಹಾಕುವ ಬೇರೆ ಬೇರೆ ದೇಶಗಳ ಕುರಿಗಳನ್ನು ಪರೀಕ್ಷಿಸಿದಾಗ, 2002ರಲ್ಲಿ, ಬಂಗಾಳದ ಗಾರೋಲ ಕುರಿಯಲ್ಲಿ ಅದೇ ಅಕ್ಷರ, ಅದೇ ಸ್ಥಾನದಲ್ಲಿ ಸಿಕ್ಕಿತು. ಹಡಗಿನ ದಾಖಲೆಗಳನ್ನು ನೆಚ್ಚಿ ಹೆಲೆನ್ ಟರ್ನರ್ ಹೇಳಿದ್ದಕ್ಕೆ ರಕ್ತವೇ ಸಾಕ್ಷಿ ನುಡಿಯಿತು. ಆಕೆ ಅದಕ್ಕೆ ಏಳು ವರ್ಷ ಮೊದಲೇ, 1995ರಲ್ಲಿ, ತೀರಿಕೊಂಡಿದ್ದಳು.

ಕುರಿಯ ಮಾತು ಇಷ್ಟಾದರೆ ಮನುಷ್ಯರ ಗತಿ? ಹೆಣ್ಣುಕೂಸು ತಾಯಿಯ ಗರ್ಭದಲ್ಲಿ ಐದು ತಿಂಗಳಿರುವಾಗ ಅದರ ಅಂಡಾಶಯಗಳಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಬೀಜಗಳಿರುತ್ತವೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ; ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಬಾಳಿನಲ್ಲಿ ಬಲಿತು ಹೊರಬೀಳುವುದು ನಾನೂರರಷ್ಟು. ಉಳಿದುದೆಲ್ಲ ಸದ್ದಿಲ್ಲದೆ ಸವೆಯುತ್ತದೆ. ಕೆಲವರಲ್ಲಿ ಈ ಕಣಜ ಮೂವತ್ತು ಮೂವತ್ತೈದಕ್ಕೇ ಬರಿದಾಗುವುದುಂಟು, ಇಲ್ಲವೆ ಇದ್ದ ಪುಟಕಗಳು ಎಚ್ಚರಗೊಳ್ಳುವುದೇ ಇಲ್ಲ. ಕಣಜಕ್ಕೂ ಬೀಗವಿದೆ: ಫಾಕ್ಸೋ 3 ಎಂಬ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ನಿದ್ರಿಸುತ್ತಿದ್ದ ಪುಟಕಗಳೆಲ್ಲ ಒಮ್ಮೆಗೇ ಎದ್ದು, ಪ್ರಾಯದಲ್ಲಿಯೇ ಅಂಡಾಶಯ ಬರಿದಾದುದನ್ನು 2003ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. 2004ರಲ್ಲಿ ಇಟಲಿಯ ವೈದ್ಯರು ಅಂಡಾಶಯ ಬೆಳೆಯದೇ ಹೋದ ಇಬ್ಬರು ಅಕ್ಕತಂಗಿಯರನ್ನು ಪರೀಕ್ಷಿಸಿದಾಗ ಅವರಲ್ಲಿ ಕೆಟ್ಟಿದ್ದದ್ದು ಅದೇ ಬಿ.ಎಂ.ಪಿ. 15. ಅದು ಅವರಿಗೆ ಬಂದದ್ದು ತಂದೆಯಿಂದ! ಆ ತಂದೆಗೆ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಂಡಾಣುವಿನ ಮಾತನ್ನು ಗಂಡಸಿನ ದೇಹ ಆಡಬೇಕಾಗಿಯೇ ಇಲ್ಲವಲ್ಲ. ಮಕ್ಕಳಾಗದಿದ್ದರೆ ಸೊಸೆಯನ್ನೂ ಅವಳ ತಾಯಿಯನ್ನೂ ಆಡಿಕೊಳ್ಳುವ ಮನೆಗಳಲ್ಲಿ ಈ ಸಂಗತಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಬಹುದು.

ನಿದ್ದೆಹೋದ ಪುಟಕವನ್ನು ಎಬ್ಬಿಸುವ ಯತ್ನವೂ ನಡೆದಿದೆ. ಜಪಾನಿನ ಕವಾಮುರ ಮತ್ತು ಅಮೆರಿಕದ ಷ್ವೇ ಎಂಬವರ ತಂಡ 2013ರಲ್ಲಿ ಒಂದು ವರದಿ ಕೊಟ್ಟಿತು. ಅಂಡಾಶಯ ಸೋತ ಇಪ್ಪತ್ತೇಳು ಮಂದಿ ಹೆಂಗಸರ ಅಂಡಾಶಯವನ್ನು ಹೊರತೆಗೆದು, ಚೂರು ಮಾಡಿ, ಔಷಧಿಯಲ್ಲಿಟ್ಟು ಎಚ್ಚರಿಸಿ ಮತ್ತೆ ದೇಹದೊಳಗೆ ಕೂಡಿಸುವ ಯತ್ನ ಅದು. ವರದಿಯ ಹೊತ್ತಿಗೆ ಹುಟ್ಟಿದ್ದು ಒಂದು ಮಗು. ಇಪ್ಪತ್ತೇಳಕ್ಕೆ ಒಂದು ಎಂಬುದು ಚಿಕಿತ್ಸೆಯೆನ್ನಿಸಿಕೊಳ್ಳಲು ತೀರ ಕಡಮೆ. ಆದರೆ ಆ ಒಬ್ಬ ತಾಯಿಗೆ ಕಡಮೆಯಲ್ಲ. ಜಾಹೀರಾತು ನೋಡಿ ಸಾಲ ಮಾಡಿ ಓಡುವ ದಂಪತಿಗಳು ಎರಡು ಮಾತನ್ನೂ ಒಟ್ಟಿಗೆ ಕೇಳಬೇಕು.

ಗಾರೋಲ ಕುರಿ ಮಾತ್ರ ಹೊಲಕ್ಕೇ ಮರಳಿ ಬಂದಿದೆ. ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯವರು ಸುಂದರಬನದಿಂದ ಅದನ್ನು ತಂದು ದಖನಿ ಕುರಿಯೊಡನೆ ಕೂಡಿಸಿದರು. ಸೊಲ್ಲಾಪುರದಿಂದ ವಿಜಾಪುರ, ಬಾಗಿಲಕೋಟೆಗಳವರೆಗೆ ಕುರುಬರೂ ಧನಗರರೂ ಮೇಯಿಸುವ, ಕಂಬಳಿಗೆ ಕರಿಯ ಉಣ್ಣೆ ಕೊಡುವ ಕುರಿ ಈ ದಖನಿ. ಅದು ಸಾಮಾನ್ಯವಾಗಿ ಹಾಕುವುದು ಒಂದೇ ಮರಿ. ಮಾಂಸದ ತುಂಬುಮೈಗಾಗಿ ಮಂಡ್ಯ ಕುರಿಯೆಂದು ಹೆಸರಾದ ಬನ್ನೂರು ಕುರಿಯನ್ನೂ ಈ ಪ್ರಯತ್ನದಲ್ಲಿ ಬಳಸಿಕೊಂಡರು. ಗಾರೋಲದಿಂದ ಬೇಕಾದದ್ದು ಆ ಒಂದು ಅಕ್ಷರ ಮಾತ್ರ. ಕುಳ್ಳುತನವಾಗಲಿ ಒರಟು ಉಣ್ಣೆಯಾಗಲಿ ಬೇಡ. ಆದುದರಿಂದ ಹುಟ್ಟಿದ ಮರಿಗಳಲ್ಲಿ ಅಕ್ಷರ ಬಂದಿರುವವನ್ನು ಪರೀಕ್ಷಿಸಿ ಆರಿಸಿ, ಮತ್ತೆ ಮತ್ತೆ ದೊಡ್ಡ ಮೈಯ ಕುರಿಗಳೊಡನೆಯೇ ಕೂಡಿಸುತ್ತ ಬಂದರು. ಹೀಗೆ ಬಂದ ತಳಿಗೆ ಸುವರ್ಣ ಎಂದು ಹೆಸರು.

ಕುರಿಗಾರರ ಲೆಕ್ಕವೇ ಬೇರೆ. ಒಂದರ ಬದಲು ಎರಡು ಮರಿಯೆಂದರೆ ಮಾರುವ ದಿನ ಸಂತೋಷವೇ. ಅಲ್ಲಿಯವರೆಗೆ ತಾಯಿಯ ಕೆಚ್ಚಲಲ್ಲಿ ಎರಡಕ್ಕೂ ಸಾಲುವ ಹಾಲಿರಬೇಕು. ಮಂದೆಯೊಡನೆ ಊರಿಂದೂರಿಗೆ ನಡೆಯುವವನು ಆಗತಾನೆ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಹೊತ್ತುಕೊಳ್ಳುತ್ತಾನೆ. ಒಂದಾದರೆ ಸರಿ, ಎರಡಾದರೂ ನಿಭಾಯಿಸಬಹುದು; ಮೂರಾದರೆ ಒಂದು ಸಾಯುವುದೇ ಹೆಚ್ಚು. ಬೂರೂಲದ ಸೋದರರು ಹಿಗ್ಗಿದ ಐದು ಮರಿಗಳ ಬಸಿರು ಬರಗಾಲದ ಬಯಲುಸೀಮೆಗೆ ಒಗ್ಗುವಂಥದಲ್ಲ. ಹೆಣ್ಣುಕುರಿಯಲ್ಲಿ ಆ ಅಕ್ಷರ ಎರಡು ಪಾಲಿಗಿಂತ ಒಂದೇ ಪಾಲು ಇದ್ದರೆ ಇಲ್ಲಿಗೆ ಮೇಲು. ಈಗ ಮರಿಯ ಒಂದು ಹನಿ ರಕ್ತದಿಂದ ಅದು ಒಂದೋ ಎರಡೋ ಎಂದು ಹೇಳಿಬಿಡಬಹುದು. ಆ ವರ್ಷ ಮಳೆ ಹೇಗಾಗುವುದು, ಹುಲ್ಲು ಎಷ್ಟು ಸಿಕ್ಕುವುದು ಎಂಬುದನ್ನು ಕುರಿಗಾರನೇ ನೋಡಿಕೊಳ್ಳಬೇಕು.